ಮೂರು ಶಿಟ್ಟಿ

ಅಕ್ಕಲಕೋಟ ರಸ್ತೆಗೆ ಹತ್ತಿ ಬೀಡಿ ಕಾಲನಿ,
ಸೊಲ್ಲಾಪುರದ ಕಟ್ಟಕಡೆಯ ಓಣಿ.
ಪತ್ರಾಸು ಹೊದಿಸಿದ ಒಂದು ಖೋಲಿ ನಮ್ಮ ಬ್ಯಾಂಕು.
ತಿಜೋರಿ ಇಲ್ಲ. ಆರು ತಗಡಿನ ಡಬ್ಬಿ, ಒಂದು ಸೇರು,
ಇಲಿಗೆ ಹೆದರುವ ಒಂದು ಬೆಕ್ಕು.
ಒಯ್ಯುವಾಗ ಶೀಗ ಏರಿಸಿ ಒಯ್ಯಬೇಕು,
ತಿರುಗಿ ತರುವಾಗ ಅಂಗೈಯಿಂದ ಸವರಿ, ಸಮ ಮಾಡಿ.
ಇದು ಗುರುಬಾಯಿಯ ಕಾಯಿದೆ.
'ಸಾವಕಾರನ ಕಾಯಿದೆ ಬೋರಲ ಹಾಕೀನಿ, ಅಷ್ಟ' ಅಂತಾಳೆ.
ಶೀಗ ಅನ್ನೋದು ಮರಾಠಿ ಮಾತು.
ಕಾಳಿಗೆ ಅದು ಗೊತ್ತಿಲ್ಲ.

ಲೆಕ್ಕ ಬರೆಯುವವಳು ನಾನು,
ಶನಿವಾರದ ಪೋಷಣೆಯ ಪಾಠವೂ ನನ್ನದೇ.
ಹದಿನೈದು ದಿನ ತರಬೇತಿ ಕೊಟ್ಟು
ಬಣ್ಣದ ಪಟವೊಂದನ್ನು ಸುರುಳಿ ಸುತ್ತಿ ಕೊಟ್ಟಿದ್ದರು.
ಪಟದಲ್ಲೊಂದು ತಾಟು, ತಾಟಿನಲ್ಲಿ ನಾಲ್ಕು ಬಣ್ಣ,
ಪಕ್ಕದಲ್ಲಿ ನಗುವ ತಾಯಿ.
ಆಕೆಯ ಉಗುರಿನಲ್ಲಿ ತಂಬಾಕಿನ ಕಲೆ ಇಲ್ಲ.

ಮೊದಲ ಪ್ರಶ್ನೆ ಯಾವಾಗಲೂ ಒಂದೇ:
ನಿನ್ನೆ ರಾತ್ರಿ ಏನು ಉಂಡಿರಿ?
ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳಬೇಕು,
ಮುಖ ಬದಲಿಸಬಾರದು.
ಖೈರುನ್ನಿಸಾ ಅಂದಳು: ರೊಟ್ಟಿ, ಖಾರ.
ಅನಸೂಯಮ್ಮ ತನ್ನ ತೆಲುಗಿನಲ್ಲಿ: ಅನ್ನ, ಹುಣಸೆ ನೀರು.
ನಿಂಬೆವ್ವ ಬೀಡಿ ಕಟ್ಟುವ ಕೈ ನಿಲ್ಲಿಸದೆ:
'ಮಡಿಕಿ ಕಾಳಿನ ಪಲ್ಯ, ನುಗ್ಗಿ ತಪ್ಪಲ,
ಹಸಿ ಗಜ್ಜರಿ, ಲಿಂಬಿ ಹೋಳು.'
ನನಗೆ ಎಂಥ ಹಿಗ್ಗು!
ನಾಲ್ಕೂ ಚೌಕಕ್ಕೆ ಗುರುತು ಹಾಕಿ
ಕೆಳಗೆ ಗೆರೆ ಎಳೆದೆ, ಎರಡು ಸಲ.

ದಾರದ ಉಂಡೆ ಉರುಳಿಸುತ್ತ ಕೂತಿದ್ದ
ಆಕೆಯ ಏಳು ವರ್ಷದ ಮಗಳು ರಾಣೆವ್ವ
'ಅವ್ವಾ, ಅದು ಹೋದ ಶನಿವಾರದ ಪಾಠ' ಅಂದಳು.

ಕತ್ತರಿಗಳು ನಿಂತವು.

'ನಿನ್ನ ಪಾಠ ನನಗ ಬಾಯಿಗೆ ಬಂದೈತಿ, ತಂಗಿ.
ಕಾಳು ಒಯ್ದೀನಿ, ಖರೆ. ಗೂಡಿನ್ಯಾಗ ಹಂಗ ಐತಿ.
ನೆನಿಸಿದ್ರ ಮೊಳಕಿ ಒಡಿತಾವ, ಅದೂ ಗೊತ್ತು,
ಹಸೀದು ತಿಂದ್ರ ಹುಡುಗಿಗೆ ಹೊಟ್ಟಿ ಕಡೀತೈತಿ.
ಗ್ಯಾಸಿನ ಟಾಕಿ ಖಾಲಿ ಆಗಿ ತಿಂಗಳಾತು.
ಕಟಗಿ ಹಚ್ಚಿದ್ರ ಮ್ಯಾಲಿನ ಮನಿಯವ ಹೊಗಿ ಅಂತ ಒದರತಾನ.
ಯಾರರೆ ಒಲಿ ಕೊಟ್ರ ಎರಡು ರೊಟ್ಟಿ ಬಡಕೊಂಡು ಬರಬಹುದು.
ಮಡಿಕಿ ಕಾಳಿಗೆ ಮೂರು ಶಿಟ್ಟಿ ಬೇಕು.
ನಿನ್ನ ಪಟದಾಗ ಶಿಟ್ಟಿ ಎಲ್ಲಿ ಬರದಾರ, ತೋರಸು.'

ಹುಡುಕಿದೆ. ನಿಜವಾಗಿಯೂ ಹುಡುಕಿದೆ.
ತಾಟಿನ ಹಿಂದೆ ಒಲೆಯೇ ಇರಲಿಲ್ಲ.

ಎರಡು ದಿನ ಜ್ವರ ಅಂತ ಮಲಗಿಕೊಂಡೆ.
ಗುರುಬಾಯಿ ಬಂದು ಹಣೆ ಮುಟ್ಟಿ ನೋಡಿ,
'ಏಳು, ನಾಟಕ ಸಾಕು' ಅಂದಳು.

ಈಗ ಬ್ಯಾಂಕಿನ ಮೂಲೆಯಲ್ಲೊಂದು ದೊಡ್ಡ ಕುಕ್ಕರು,
ಮಂಗಲ ಕಾರ್ಯಾಲಯದವರು ಮಾರಿದ ಹಳೆಯದು,
ಒಂದು ಕಿವಿ ಮುರಿದದ್ದು.
ಸಂಜೆ ಆರಕ್ಕೆ ಅದರ ಹೊಟ್ಟೆಯೊಳಗೆ ಒಂಬತ್ತು ಡಬ್ಬಿ,
ಗುರುತಿಗೆ ಕೊರಳಿಗೊಂದು ಬೀಡಿ ದಾರ:
ಖೈರುನ್ನಿಸಾಳದು ಕೆಂಪು, ಅನಸೂಯಮ್ಮನದು ಹಸಿರು,
ಬಿಳಿಯದಕ್ಕೆ ಎರಡು ಗಂಟು ಹಾಕಿದ್ದು ನಿಂಬೆವ್ವನದು.
ಗಿರಣಿಯ ಭೋಂಗಾ ನಿಂತ ಮೇಲೆ
ಈ ಕಡೆ ಹೊತ್ತು ಹೇಳುವವರು ಇರಲಿಲ್ಲ.
ಈಗ ಮೂರು ಸಲ ಕೂಗುತ್ತದೆ,
ಆಟ ಅರ್ಧಕ್ಕೆ ಬಿಟ್ಟು ಮಕ್ಕಳು ಓಡಿ ಬರುತ್ತವೆ.

ಲೆಕ್ಕದ ವಹಿಯಲ್ಲಿ ಹೊಸ ಗೆರೆ ಎಳೆದಿದ್ದೇನೆ:
ನಿಂಬೆವ್ವ. ಮಡಿಕಿ ಒಂದು ಸೇರು, ಶೀಗ ಸಹಿತ. ಶಿಟ್ಟಿ ಮೂರು.
ತಪಾಸಣೆಗೆ ಬಂದ ಸಾಹೇಬರು ಬೆರಳಿಟ್ಟು ಕೇಳಿದರು,
ಇದು ಸಾಲವೋ, ದಾನವೋ?
'ಬೆಂದದ್ದು' ಅಂದಳು ಗುರುಬಾಯಿ.

ಮೊನ್ನೆ ಶನಿವಾರ ನಾನು ಬಾಯಿ ತೆರೆಯುವ ಮೊದಲೇ
ರಾಣೆವ್ವ ಮೋಟು ಪೆನ್ಸಿಲ್ ಹಿಡಿದು ಮುಂದೆ ಬಂದು ಕೂತಳು.
ನಿನ್ನೆ ರಾತ್ರಿ ನೀ ಏನು ಉಂಡಿ?
ಒಂದು ಗಳಿಗೆ ಪಟದ ಕಡೆ ನೋಡಿದೆ.
'ರೊಟ್ಟಿ, ಖಾರ' ಅಂದೆ.
ಮುಖ ಬದಲಿಸದೆ ಬರೆದುಕೊಂಡಳು.